ನಾಲ್ಕು ಬಣ್ಣ ಸಾಕೆಂದವರು

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ಮದುವೆಯಲ್ಲಿ ನಮ್ಮ ಡ್ರಾಯಿಂಗ್ ಆಫೀಸಿನವರು ಏಳೆಂಟು ಜನ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದೆವು. ಒಬ್ಬರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಮ್ಮ ನಾಕ್ ಬಣ್ಣ ಇದ್ದಿದ್ರೆ ಈ ಎಲೆ ನೋಡಿ ಏನಂತಿದ್ದ ಹೇಳಿ? ಪಲ್ಯದ ಪಕ್ಕ ಪಲ್ಯ ಬರಬಾರ್ದು, ಕೋಸಂಬರಿ ಪಕ್ಕ ಕೋಸಂಬರಿ ಬರಬಾರ್ದು, ನಾಕೇ ಐಟಮ್ಮಲ್ಲಿ ಎಲೆ ತುಂಬಿಸ್ತೀನಿ ನೋಡ್ರೀ ಅಂತಿದ್ದ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ತೊಳೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆಫೀಸು ನಾಕ್ ಬಣ್ಣ ಎಂದು ಅಡ್ಡಹೆಸರಿಟ್ಟಿದ್ದ ಆ ಹಿರಿಯರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಹೋದವರನ್ನು ಹೊಗಳಿ ಬರೆಯುವುದು ವಾಡಿಕೆ. ನನ್ನಿಂದ ಅದಾಗುವುದಿಲ್ಲ. ಅವರು ಅಷ್ಟೇನೂ ಒಳ್ಳೆಯ ಮನುಷ್ಯರಾಗಿರಲಿಲ್ಲ. ನಾನೂ ಅಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ನಮ್ಮದು ಹಲಸೂರಿನಾಚೆ, ಆಗಿನ್ನೂ ರಾಗಿ ಹೊಲಗಳ ನಡುವೆ ಇದ್ದ ಒಂದು ಸರ್ಕಾರಿ ಕಾರ್ಖಾನೆ. ಅರವತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಟ್ರೇಸರ್ ಆಗಿ ಸೇರಿದೆ. ಡ್ರಾಫ್ಟ್ಸ್‌ಮನ್‌ಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಕಪ್ಪು ಶಾಯಿಯಲ್ಲಿ ಎಳೆಯುವುದು ಟ್ರೇಸರ್ ಕೆಲಸ. ನಾವು ನಾಲ್ವರು ಹುಡುಗಿಯರಿದ್ದೆವು. ಸೇರಿದ ದಿನ ನಮಗೆ ಕಲಿಸಿದ ಪಾಠ ಒಂದೇ, ಕಂಡದ್ದನ್ನು ಕಂಡ ಹಾಗೆ ಎಳೆಯಬೇಕು. ಆರು ಮೂಲೆಯ ನಟ್ಟಿಗೆ ಅವರು ಐದೇ ಮೂಲೆ ಬರೆದಿದ್ದರೆ ನಾವೂ ಐದೇ ಎಳೆಯಬೇಕು. ತಪ್ಪು ಹುಡುಕುವುದಕ್ಕೆ ಬೇರೆಯವರು ಸಂಬಳ ತೆಗೆದುಕೊಳ್ಳುತ್ತಿದ್ದರು. ಆ ಬೇರೆಯವರೇ ಇವರು, ನಮ್ಮ ಚೆಕ್ಕರ್.

ಪ್ರತಿ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಬರೆದವರು, ಟ್ರೇಸ್ ಮಾಡಿದವರು, ಚೆಕ್ ಮಾಡಿದವರು ಎಂದು ಮೂರು ಮನೆ. ಮೂರನೆಯ ಮನೆಯಲ್ಲಿ ಅವರ ಸಹಿ ಬೀಳದೆ ಯಾವ ಹಾಳೆಯೂ ಮೆಷಿನ್ ಶಾಪಿಗೆ ಹೋಗುವಂತಿರಲಿಲ್ಲ. ಕಪ್ಪು ಕೋಟು, ದಪ್ಪ ಗಾಜಿನ ಕನ್ನಡಕ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು. ಅದನ್ನು ಗೆರೆಯ ಮೇಲೆ ಮೆಲ್ಲಗೆ ಓಡಿಸುತ್ತಾ ಹೋಗುವರು. ಸರಿ ಇದ್ದರೆ ಪುಟ್ಟದೊಂದು ಟಿಕ್ಕು. ತಪ್ಪಿದ್ದರೆ ಸುತ್ತ ಒಂದು ಕೆಂಪು ಸುತ್ತು ಹಾಕಿ, ತುಟಿ ಬಿಚ್ಚದೆ ಹಾಳೆಯನ್ನು ಮೇಜಿನ ಆಚೆಗೆ ತಳ್ಳುವರು. ನನ್ನ ಹಾಳೆಗಳು ಮೊದಲ ಎರಡು ವರ್ಷ ಹೀಗೆ ವಾಪಸಾಗುತ್ತಲೇ ಇದ್ದವು. ಬಾತ್‌ರೂಮಿನಲ್ಲಿ ಅತ್ತು ಬಂದು ಬ್ಲೇಡಿನಿಂದ ಶಾಯಿ ಕೆರೆಯುತ್ತಿದ್ದೆ.

ಈ ಚಟ ಅವರಿಗೆ ಆಫೀಸಿಗಷ್ಟೇ ಇರಲಿಲ್ಲ. ನನ್ನ ಲಗ್ನಪತ್ರಿಕೆ ಕೊಟ್ಟಾಗ ನಿಂತಲ್ಲೇ ಸಾಲು ಸಾಲಿಗೆ ಟಿಕ್ ಹಾಕಿದರು. ಮುಹೂರ್ತದ ತಾರೀಖಿನ ಸುತ್ತ ಕೆಂಪು ಸುತ್ತು ಎಳೆದರು. "ಈ ತಾರೀಖು ಗುರುವಾರ ಬರಲ್ಲಮ್ಮ, ಬುಧವಾರ. ನಿಮ್ಮಪ್ಪಂಗೆ ಹೇಳು" ಎಂದರು. ಆ ಹೊತ್ತಿಗೆ ನಮ್ಮಪ್ಪ ಅರ್ಧ ಹಲಸೂರಿಗೆ ಪತ್ರಿಕೆ ಹಂಚಿಯಾಗಿತ್ತು. ಅಪ್ಪ ಅವರನ್ನು ವಾಚಾಮಗೋಚರವಾಗಿ ಬೈದರು. ಆಮೇಲೆ ಮನೆಮನೆಗೆ ಹೋಗಿ ಪೆನ್ನಿನಲ್ಲಿ ತಿದ್ದಿ ಬಂದರು.

ಅವರ ಬಗ್ಗೆ ಮರೆಯಲಾಗದ್ದು ಇನ್ನೊಂದಿದೆ. ನಿವೃತ್ತಿಗೆ ವರ್ಷವಿದ್ದ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರಿಗೆ ಪ್ರಮೋಷನ್ ಬರುವುದರಲ್ಲಿತ್ತು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವರ ಹಾಳೆಗಳಲ್ಲಿ ತಪ್ಪು ಹೆಚ್ಚಾಗಿತ್ತು. "ಈ ಒಂದು ತಿಂಗಳು ಸ್ವಲ್ಪ ನೋಡ್ಕೊಂಡು ಹಾಕಿ ಸಾರ್" ಎಂದು ನಮ್ಮೆದುರೇ ಕೈಮುಗಿದರು. ಇವರು, "ನಾನು ಬಿಟ್ರೆ ಶಾಪಲ್ಲಿ ಮೆಷಿನ್ ಬಿಡುತ್ತೇನ್ರೀ?" ಎಂದು ಕೇಳಿ ಏಳು ಕೆಂಪು ಸುತ್ತು ಹಾಕಿದರು. ಪ್ರಮೋಷನ್ ಹೋಯಿತು. ಅದಾದ ಮೇಲೆ ಬಹಳ ದಿನ ಆಫೀಸಿನಲ್ಲಿ ಇವರ ಜೊತೆ ಯಾರೂ ಕಾಫಿಗೆ ಹೋಗುತ್ತಿರಲಿಲ್ಲ. ಇವರಿಗೆ ಅದು ಗಮನಕ್ಕೇ ಬಂದಂತಿರಲಿಲ್ಲ. ಬಂದಿದ್ದರೂ ನಮಗೆ ತೋರಿಸಲಿಲ್ಲ.

ಇಂಥ ಮನುಷ್ಯರಿಗೆ ಗಣಿತದ ಹುಚ್ಚು ಹತ್ತಿಸಿದ್ದು ಒಂದು ಗೋಡೆ ನಕ್ಷೆ. ಆಡಳಿತ ಕಚೇರಿಯವರು ರಾಜ್ಯದ ಜಿಲ್ಲೆಗಳ ನಕ್ಷೆಗೆ ಬಣ್ಣ ಹಾಕಿ ಕೊಡಿ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಯಾರೋ ಆರು ಬಣ್ಣ ಬಳಿದಿದ್ದರು. ಇವರು ನೋಡಿ, "ಇದಕ್ಕೆ ಆರ್ಯಾಕೆ? ನಾಕು ಸಾಕು" ಎಂದರು. ಷರತ್ತು ಇಷ್ಟೇ, ಗಡಿ ಹಂಚಿಕೊಂಡ ಎರಡು ಜಿಲ್ಲೆಗಳಿಗೆ ಒಂದೇ ಬಣ್ಣ ಬರಬಾರದು. ಊಟದ ಬಿಡುವಿನಲ್ಲಿ ನಾಲ್ಕೇ ಬಣ್ಣದಲ್ಲಿ ಮುಗಿಸಿ ತೋರಿಸಿದರು. ಆಗ ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬ, "ಸಾರ್, ಯಾವ ನಕ್ಷೆ ಕೊಟ್ರೂ ನಾಕು ಸಾಕು ಅನ್ನೋದನ್ನ ನೂರು ವರ್ಷದಿಂದ ಪ್ರಪಂಚದಲ್ಲಿ ಯಾರೂ ಪ್ರೂವ್ ಮಾಡಿಲ್ಲ, ಗೊತ್ತಾ?" ಎಂದ. ಹೇಳಿ ಅವನು ಟಿಫನ್ ಡಬ್ಬಿ ತೊಳೆಯಲು ಹೋದ. ಇವರು ನಕ್ಷೆಯ ಮುಂದೆ ನಿಂತೇ ಇದ್ದರು.

ಆ ಸಂಜೆ ನನ್ನ ಮೇಜಿನ ಹತ್ತಿರ ಬಂದರು. "ಐದು ಬೇಕಾಗೋ ನಕ್ಷೆ ಯಾರೂ ತೋರ್ಸಿಲ್ವಂತೆ. ನಾಕೇ ಸಾಕು ಅಂತಾನೂ ತೋರ್ಸಿಲ್ವಂತೆ. ಹಾಗಂದ್ರೆ ಏನಮ್ಮ? ಚೆಕ್ ಆಗ್ದೇ ಇರೋ ಡ್ರಾಯಿಂಗು ನೂರು ವರ್ಷದಿಂದ ಟೇಬಲ್ ಮೇಲೆ ಬಿದ್ದಿದೆ ಅಂತ ತಾನೆ?" ಎಂದರು. ಅವರ ಮುಖದಲ್ಲಿ ನಿಜವಾದ ಸಿಟ್ಟಿತ್ತು. ಯಾರೋ ತಮ್ಮ ಕೆಲಸವನ್ನು ಮಾಡದೆ ಸಂಬಳ ಎಣಿಸಿದ್ದಾರೆ ಎಂಬಂಥ ಸಿಟ್ಟು.

ಆಗ ಅವರಿದ್ದದ್ದು ಮರ್ಫಿ ಟೌನಿನ ಒಂದು ಹೆಂಚಿನ ಮನೆಯಲ್ಲಿ. ಮಕ್ಕಳಿರಲಿಲ್ಲ. ಬೆಳಗಿನ ಜಾವ ಬೀದಿ ನಲ್ಲಿಯ ಮುಂದೆ ಕೊಡಗಳು ಸಾಲು ನಿಲ್ಲುವ ಮೊದಲೇ ಎದ್ದು ಜಗಲಿಯಲ್ಲಿ ಹಾಳೆ ಹರಡಿಕೊಂಡು ಕೂರುವರು. ಕೆಂಪು, ಹಸಿರು, ನೀಲಿ, ಹಳದಿ, ನಾಲ್ಕು ಬಣ್ಣದ ಪೆನ್ಸಿಲು. ಮನೆಮನೆ ಗೆರೆಗಳನ್ನು ಕಂಡ ಅಕ್ಕಪಕ್ಕದ ತಮಿಳು ಹೆಂಗಸರು ಇವರು ಜಾತಕ ಬರೆಯುತ್ತಾರೆಂದುಕೊಂಡರು. ಒಬ್ಬ ಮುದುಕಿ ಮೊಮ್ಮಗನ ಜಾತಕ ತಂದು, ಎಷ್ಟು ಓಡಿಸಿದರೂ ಹೋಗದೆ ಬಾಗಿಲಲ್ಲೇ ಕೂತಳಂತೆ. ಕೊನೆಗೆ ಇವರು ಆ ಜಾತಕ ಇಸಕೊಂಡು, ಅದರೊಳಗಿನ ಕೂಡುವ ಕಳೆಯುವ ಲೆಕ್ಕವನ್ನೆಲ್ಲ ಪರೀಕ್ಷಿಸಿ, ಎರಡು ಕಡೆ ಕೆಂಪು ಸುತ್ತು ಹಾಕಿ ವಾಪಸು ಕೊಟ್ಟರು. ಮುದುಕಿ ಅದನ್ನು ಗ್ರಹದೋಷದ ಗುರುತೆಂದು ತಿಳಿದು ಗುಡಿಗೆ ಹೋಗಿ ಶಾಂತಿ ಮಾಡಿಸಿದಳು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಹೇಳಿ ನಗುತ್ತಾ, "ಊರಲ್ಲಿರೋ ಗಂಡಸ್ರು ಕುಡೀತಾರೆ, ಇಸ್ಪೀಟಾಡ್ತಾರೆ. ನಮ್ಮನೇವ್ರು ಬಣ್ಣ ಹಚ್ತಾರೆ. ಯಾವ್ದು ವಾಸಿ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲಮ್ಮ" ಎಂದಿದ್ದರು. ನಗು ನಿಂತ ಮೇಲೆ ಅವರ ಮುಖ ನೋಡುವುದಕ್ಕೆ ಕಷ್ಟವಾಗುತ್ತಿತ್ತು.

ಎಂಟು ವರ್ಷ ಹೀಗೇ ನಡೆಯಿತು. ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ ಒಂದು ದಿನ, "ಮುಗೀತಮ್ಮ" ಎಂದರು. ಯಾವ ನಕ್ಷೆಗೂ ನಾಲ್ಕೇ ಬಣ್ಣ ಸಾಕೆಂಬುದರ ಪ್ರೂಫು, ಅರವತ್ತೆರಡು ಪುಟ ಇಂಗ್ಲಿಷು, ನಲವತ್ತು ಚಿತ್ರ. ಅದು ನಮ್ಮ ಡ್ರಾಯಿಂಗ್ ಆಫೀಸಿನ ಇಂಗ್ಲಿಷು. ನಾಲ್ಕನೆಯ ಹಾಳೆ ನೋಡಿ, ಬಿ ಎಂದು ಗುರುತಿಸಿದ ಭಾಗ ನೋಡಿ, ಎಲ್ಲ ಗಡಿಗಳೂ ಹೀಗೆ ಇರತಕ್ಕದ್ದು ಎಂದು ಮೆಷಿನ್ ಶಾಪಿನವರಿಗೆ ಆಜ್ಞೆ ಕೊಟ್ಟಂತೆ ಬರೆದಿದ್ದರು. ಕೊನೆಯ ಪುಟದ ಬಲಮೂಲೆಯಲ್ಲಿ ಅದೇ ಚೌಕ, ಅದೇ ಮೂರು ಮನೆ. ಮೊದಲಿನದರಲ್ಲಿ ಅವರ ಸಹಿ. ಎರಡನೆಯದಕ್ಕೆ ನನ್ನ ಸಹಿ ಹಾಕಿಸಿದರು, ಚಿತ್ರಗಳನ್ನು ಶಾಯಿಯಲ್ಲಿ ಎಳೆಯುವ ಕೆಲಸ ನನ್ನದಾಗಿತ್ತು. ಮೂರನೆಯದು ಖಾಲಿ. "ಬರ್ದೋನೇ ಚೆಕ್ ಮಾಡೋ ಹಾಗಿಲ್ಲ. ಅದಕ್ಕೆ ತಕ್ಕೋರನ್ನ ಹುಡುಕ್ಬೇಕು" ಎಂದರು.

ಹುಡುಕಿಕೊಂಡು ಊರಿನ ಇನ್ನೊಂದು ಕಡೆಯ ದೊಡ್ಡ ಕಾಲೇಜೊಂದರ ಪ್ರೊಫೆಸರ ಹತ್ತಿರ ಹೋದೆವು. ಚಿತ್ರಗಳ ಸುರುಳಿ ಹಿಡಿದುಕೊಂಡು ನಾನೂ ಜೊತೆಗಿದ್ದೆ. ಪ್ರೊಫೆಸರು ಕಟ್ಟನ್ನು ತಿರುವಿ ಹಾಕಿ, ಕಟ್ಟಕಡೆಯ ಪುಟ ತೆಗೆದು, ಕಡೆಯ ಸಾಲು ಓದಿ ಮುಗುಳ್ನಕ್ಕರು.

"ನೀವು ಏನು ಓದಿದ್ದೀರಿ?"

"ಡಿಪ್ಲೊಮಾ ಸಾರ್. ಮೂವತ್ತು ವರ್ಷ ಸರ್ವಿಸ್."

"ನೋಡಿ, ಇಂಥವು ನನಗೆ ಬರ್ತಾನೇ ಇರುತ್ತೆ. ಒಬ್ರು ವೃತ್ತಾನ ಚೌಕ ಮಾಡ್ಕೊಂಡು ಬರ್ತಾರೆ, ಇನ್ನೊಬ್ರು ಕೋನಾನ ಮೂರು ಪಾಲು ಮಾಡ್ಕೊಂಡು ಬರ್ತಾರೆ. ಎರಡೂ ಆಗದ ಮಾತು. ರಿಟೈರ್ ಆಗ್ತಿದ್ದೀರಿ, ಮೊಮ್ಮಕ್ಕಳ ಜೊತೆ ಆರಾಮಾಗಿರಿ."

"ತಪ್ಪೆಲ್ಲಿದೆ ಅಂತ ಹೇಳಿ ಸಾರ್, ತಿದ್ಕೊಂಡು ಬರ್ತೀನಿ."

"ಎಲ್ಲೋ ಇರುತ್ತೆ ರೀ" ಎಂದರು ಪ್ರೊಫೆಸರು, ಗಡಿಯಾರ ನೋಡುತ್ತಾ.

ಶಿವಾಜಿನಗರದ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡಿಕೊಂಡು ಕೂತಿದ್ದರು. ಕಂಟೋನ್ಮೆಂಟ್ ಸ್ಟೇಷನ್ ದಾಟಿದ ಮೇಲೆ, "ನೋಡ್ದೇ ವಾಪಸ್ ಕಳ್ಸೋನು ಚೆಕ್ಕರ್ ಅಲ್ಲಮ್ಮ. ಗೇಟ್ ವಾಚ್‌ಮನ್" ಎಂದರು. ಇನ್ನೂ ಇಬ್ಬರ ಬಾಗಿಲು ತಟ್ಟಿದ್ದಾಯಿತು. ಒಬ್ಬರು ಕಟ್ಟನ್ನು ಮೂರು ತಿಂಗಳು ಇಟ್ಟುಕೊಂಡು, ಕಟ್ಟಿದ ದಾರ ಬಿಚ್ಚದೆ ಹಿಂದಿರುಗಿಸಿದರು. ಗಂಟು ತಮ್ಮದೇ ಎಂದು ಇವರಿಗೆ ಗೊತ್ತಾಯಿತು, ಇವರು ಯಾವಾಗಲೂ ಒಂದೇ ಥರ ಗಂಟು ಹಾಕುತ್ತಿದ್ದರು. ಅವತ್ತೇ, "ನಾನೇ ಅಚ್ಚು ಹಾಕಿಸ್ತೀನಿ. ಅಚ್ಚಾದ್ರೆ ಯಾರಾದ್ರೂ ಒಬ್ರು ಓದೇ ಓದ್ತಾರೆ" ಎಂದು ತೀರ್ಮಾನ ಮಾಡಿದರು.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಪ್ರೆಸ್ ಇತ್ತು. ಮದುವೆ ಕಾರ್ಡು, ಬಿಲ್ ಬುಕ್ಕು ಅಚ್ಚು ಹಾಕುತ್ತಿದ್ದರು. ಪ್ರೆಸ್ಸಿನ ಯಜಮಾನರಾದ ಸಾಹೇಬರು ಚಿತ್ರಗಳ ಕಟ್ಟು ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು. ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಲೋಹದ ಬ್ಲಾಕ್ ಮಾಡಿಸಬೇಕಾಗಿತ್ತು. "ಬೇಟಿ, ಇಷ್ಟೊಂದು ಬ್ಲಾಕ್ ಯಾಕಮ್ಮ? ಹತ್ತಿರ ಹತ್ತಿರ ಇರೋ ಚಿತ್ರ ಎರಡೆರಡು ಸೇರ್ಸಿ ಒಂದು ಮಾಡ್ಕೊಡು. ಸಾಹೇಬ್ರಿಗೂ ಹಗುರ, ನನಗೂ ಹಗುರ" ಎಂದರು. ಇವರು ನನ್ನ ಕಡೆ ನೋಡಿ, "ಆಗುತ್ತಾ?" ಎಂದರು. ಆಗುತ್ತೆ ಎಂದೆ.

ಶನಿವಾರ ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೋದ ಮೇಲೆ, ಅವರು ಬಣ್ಣ ಹಚ್ಚಿದ ಮೂಲ ಹಾಳೆಗಳನ್ನು ಹಿಡಿದು ಗಾಜಿನ ಮೇಜಿನ ಮುಂದೆ ಕೂತೆ. ಆ ಮೇಜಿನ ಅಡಿಯಲ್ಲಿ ದೀಪ ಇರುತ್ತದೆ. ಒಂದು ಹಾಳೆಯ ಮೇಲೆ ಇನ್ನೊಂದನ್ನು ಇಟ್ಟರೆ ಎರಡೂ ಒಟ್ಟಿಗೆ ಕಾಣುತ್ತವೆ. ಇಪ್ಪತ್ತು ಇಪ್ಪತ್ತೊಂದನ್ನು ಸೇರಿಸಿದೆ. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಬಂದೆ.

ಅವರ ಪ್ರೂಫಿನ ಜೀವಾಳ ಇರುವುದು ಅಲ್ಲೇ. ಒಂದು ನಕ್ಷೆ, ನಡುವೆ ಬಣ್ಣವಿಲ್ಲದೆ ಉಳಿದ ಒಂದು ದೇಶ. ಅದರ ಸುತ್ತ ಐದು ದೇಶಗಳು, ಅವುಗಳಲ್ಲೇ ನಾಲ್ಕು ಬಣ್ಣವೂ ಮುಗಿದುಹೋಗಿವೆ. ನೀಲಿ ಮಾತ್ರ ಎರಡು ಕಡೆ ಇದೆ. ಆ ಎರಡೂ ನೀಲಿಯನ್ನು ತೆಗೆದರೆ ನಡುವಿನ ದೇಶಕ್ಕೆ ನೀಲಿ ಹಾಕಬಹುದು. ಇಪ್ಪತ್ತೆರಡನೆಯ ಚಿತ್ರದಲ್ಲಿ ಎಡಗಡೆಯ ನೀಲಿಯಿಂದ ಹಿಡಿದು ನೀಲಿ ಇದ್ದಲ್ಲಿ ಹಳದಿ, ಹಳದಿ ಇದ್ದಲ್ಲಿ ನೀಲಿ ಎಂದು ಅದಲುಬದಲು ಮಾಡಿದ್ದರು. ಸರಿಯಾಗಿತ್ತು. ಇಪ್ಪತ್ತಮೂರರಲ್ಲಿ ಬಲಗಡೆ ನೀಲಿಗೂ ಹಸಿರಿಗೂ ಹಾಗೆಯೇ ಮಾಡಿದ್ದರು. ಅದೂ ಸರಿಯಾಗಿತ್ತು. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು, ಉಗುರು ಓಡಿಸಿ, ಪ್ರತಿ ಗಡಿಗೂ ಟಿಕ್ ಹಾಕಿದ್ದರು. ಡ್ರಾಯಿಂಗ್ ಆಫೀಸಿನಲ್ಲಿ ಪಳಗಿದ ಮನುಷ್ಯ ಹಾಗೇ ಮಾಡುವುದು, ಒಂದು ಬದಲಾವಣೆಗೆ ಒಂದು ಹಾಳೆ, ಒಂದೊಂದು ಹಾಳೆಗೂ ಬೇರೆ ಪರೀಕ್ಷೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿರಲೇ ಇಲ್ಲ.

ನಾನು ಇಟ್ಟೆ. ಎಡಗಡೆಯಿಂದ ಹೊಸದಾಗಿ ನೀಲಿಯಾದ ಒಂದು ದೇಶ, ಬಲಗಡೆಯಿಂದ ಹೊಸದಾಗಿ ನೀಲಿಯಾದ ಇನ್ನೊಂದು. ಎರಡಕ್ಕೂ ನಡುವೆ ಒಂದೇ ಗಡಿ. ನೀಲಿಗೆ ನೀಲಿ ತಾಗಿ ಕೂತಿತ್ತು.

ಮೂರು ಸಲ ಹಾಳೆ ತೆಗೆದು ಮತ್ತೆ ಇಟ್ಟೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಬಣ್ಣ ಗುರುತಿಸುವುದಕ್ಕೆ ಯಾವ ಡಿಗ್ರಿಯೂ ಬೇಡ. ಪ್ರೊಫೆಸರು ಓದದೆ ಹೇಳಿದ್ದ ಆ "ಎಲ್ಲೋ" ಇಲ್ಲಿತ್ತು. ಓದದೆಯೂ ಅವರ ಮಾತು ನಿಜವಾಯಿತಲ್ಲ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಸೋಮವಾರ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಎಂದು ಕೇಳಿಕೊಂಡಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತದೆ. ನಿವೃತ್ತಿಗೆ ಮೂರು ವಾರ ಉಳಿದಿತ್ತು, ಎಂಟು ವರ್ಷದ ಕೆಲಸ, ಕನಿಕರವಾಯಿತು ಎಂಬುದು ಒಂದು. ಟ್ರೇಸರ್ ಆದವಳು ತಪ್ಪು ಎತ್ತಿ ತೋರಿಸಿದರೆ ಸಿಡುಕಿಯಾರು ಎಂಬ ಭಯ ಇನ್ನೊಂದು. ಇವೆರಡೂ ನಿಜ. ಪೂರ್ತಿ ನಿಜ ಬೇರೆ ಇದೆ. ಒಂಬತ್ತು ವರ್ಷ ನನ್ನ ಹಾಳೆಗಳ ಮೇಲೆ ಕೆಂಪು ಸುತ್ತು ಹಾಕಿ ತಳ್ಳಿದ ಮನುಷ್ಯನ ಒಂದು ತಪ್ಪು ನನ್ನ ಕೈಗೆ ಸಿಕ್ಕಿತ್ತು, ಅದು ನನಗೊಬ್ಬಳಿಗೇ ಗೊತ್ತು. ಆ ಗುಟ್ಟನ್ನು ಸ್ವಲ್ಪ ದಿನ ಇಟ್ಟುಕೊಳ್ಳುವುದರಲ್ಲಿ ನನಗೆ ಸುಖವಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

"ಇಪ್ಪತ್ತೆರಡು ಇಪ್ಪತ್ಮೂರು ಸೇರ್ಸೋಕಾಗಲ್ಲ ಸಾರ್, ಗಿಜಿಗಿಜಿ ಆಗುತ್ತೆ" ಎಂದೆ.

"ಹಾಗಾದ್ರೆ ಬೇರೆ ಬೇರೆನೇ ಇರ್ಲಿ. ಅದು ನಿನಗೆ ಬಿಟ್ಟಿದ್ದು" ಎಂದರು. ಆ ಒಂಬತ್ತು ವರ್ಷದಲ್ಲಿ ಅವರು ನನಗೆ ಬಿಟ್ಟುಕೊಟ್ಟ ಮೊದಲ ತೀರ್ಮಾನ ಅದು.

ಬೀಳ್ಕೊಡುಗೆಯ ದಿನ ಪುಸ್ತಕ ಎಲ್ಲರ ಕೈಗೂ ಬಂತು. ಹಾರ ಹಾಕಿದ ದೊಡ್ಡ ಸಾಹೇಬರು, "ಇಷ್ಟು ದಿನ ನಮ್ಮ ಮೇಲೆ ಕೆಂಪು ಬಣ್ಣ ಒಂದನ್ನೇ ಉಪಯೋಗಿಸಿದರು, ಉಳಿದ ಮೂರು ಇರೋದು ಇವತ್ತೇ ಗೊತ್ತಾಗಿದ್ದು" ಎಂದು ಭಾಷಣ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ. ಇವರೂ ಹಲ್ಲು ಬಿಟ್ಟರು. ಅವರು ಆಫೀಸಿನಲ್ಲಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಭೆ ಮುಗಿದು ಕುರ್ಚಿ ಎತ್ತುವಾಗ ಅಲ್ಲಲ್ಲಿ ಪುಸ್ತಕಗಳು ಬಿದ್ದಿದ್ದವು, ಕೆಲವುಗಳ ಮೇಲೆ ಬೋಂಡದ ಎಣ್ಣೆ. ಅವರ ಕಣ್ಣಿಗೆ ಬೀಳದ ಹಾಗೆ ಆರಿಸಿ ಬ್ಯಾಗಿಗೆ ತುಂಬಿಕೊಂಡೆ. ಅಷ್ಟಾದರೂ ಮಾಡಿದೆ ಎಂದು ಅವತ್ತು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆಮೇಲೆ ದೇಶದ, ಹೊರದೇಶದ ವಿಶ್ವವಿದ್ಯಾಲಯಗಳಿಗೆ ಇಪ್ಪತ್ತೇಳು ಪ್ರತಿ ಕಳಿಸಿದರು. ಪ್ರತಿಯೊಂದರ ಒಳಗೂ ವಾಪಸು ಬರೆಯಲು ಸ್ಟಾಂಪು ಹಚ್ಚಿದ ಕವರು. "ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಎಂದರು. ಇಪ್ಪತ್ತೇಳು ವಿಳಾಸವನ್ನೂ ನಾನೇ ಬರೆದೆ. ಒಂದೊಂದು ವಿಳಾಸ ಬರೆಯುವಾಗಲೂ ಹೇಳಿಬಿಡೋಣ ಎನಿಸುತ್ತಿತ್ತು, ಆದರೆ ಇನ್ನೊಂದು ವಿಳಾಸ ಬರೆಯುತ್ತಿದ್ದೆ. ಹೊರದೇಶದ ಲೈಬ್ರರಿಯೊಂದರಿಂದ ಪುಸ್ತಕ ತಲುಪಿತು ಎಂಬ ಅಚ್ಚಾದ ಕಾರ್ಡು ಬಂತು. ಮತ್ತೇನೂ ಬರಲಿಲ್ಲ.

ಅವರು ಮರ್ಫಿ ಟೌನ್ ಬಿಟ್ಟು ದೊಮ್ಮಲೂರಿಗೆ ಹೋದರು. ಮೊದಲು ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ಬಾಗಿಲಲ್ಲಿ ಕಂಡ ಕೂಡಲೇ, "ಆಫೀಸಿನ ವಿಳಾಸಕ್ಕೇನಾದ್ರೂ ಕಾಗದ ಬಂತಾ?" ಎಂದು ಕೇಳುವರು. ಇಲ್ಲ ಎನ್ನುವುದು ನನಗೆ ಕಷ್ಟವಾಗುತ್ತಾ ಬಂತು. ಮಗುವಾಯಿತು, ಅತ್ತೆಗೆ ಹುಷಾರಿಲ್ಲದಾಯಿತು, ನೆಪಗಳಿಗೆ ಬರವಿರಲಿಲ್ಲ. ಹೋಗುವುದು ನಿಂತಿತು.

ಎಮರ್ಜೆನ್ಸಿಯ ಕಾಲ. ಒಂದು ಬೆಳಿಗ್ಗೆ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಪತ್ರಿಕೆಯ ಒಂದು ತುಂಡು ಅಂಟಿಸಿತ್ತು. ನಾಲ್ಕು ಬಣ್ಣದ ಸಮಸ್ಯೆಯನ್ನು ಅಮೆರಿಕದವರು ಕಂಪ್ಯೂಟರಿನಿಂದ ಬಿಡಿಸಿದರು ಎಂಬ ನಾಲ್ಕು ಸಾಲಿನ ಸುದ್ದಿ. ಯಾರೋ ಕೆಂಪು ಪೆನ್ಸಿಲಿನಲ್ಲಿ ಅದರ ಸುತ್ತ ಸುತ್ತು ಎಳೆದು, ಪಕ್ಕದಲ್ಲಿ ದೊಡ್ಡದೊಂದು ಟಿಕ್ ಹಾಕಿದ್ದರು. ಸುತ್ತ ನಿಂತವರು ನಗುತ್ತಿದ್ದರು. ನಾನು ಅದನ್ನು ಕಿತ್ತು ಸಂಜೆ ನೇರವಾಗಿ ದೊಮ್ಮಲೂರಿಗೆ ಹೋದೆ.

ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೋಟು ಮೈಯಿಂದ ಜೋತುಬಿದ್ದಿತ್ತು. ಸುತ್ತಲೂ ಎಕ್ಸರ್‌ಸೈಜ್ ಪುಸ್ತಕಗಳು, ತುಂಬ ಅಂಕಿಗಳು, ಒಂದೇ ಒಂದು ಚಿತ್ರವಿಲ್ಲ. "ಇದು ಬೇರೆ ಪ್ರಾಬ್ಲಂ. ಎರಡಕ್ಕಿಂತ ದೊಡ್ಡ ಸಮಸಂಖ್ಯೆ ಯಾವುದೇ ಆಗ್ಲಿ, ಎರಡು ಅವಿಭಾಜ್ಯ ಸಂಖ್ಯೆ ಕೂಡಿದ್ರೆ ಬರುತ್ತೆ ಅಂತ. ಇದೂ ಯಾರೂ ಮಾಡಿಲ್ಲ. ಇದಕ್ಕೆ ಟ್ರೇಸರ್ ಬೇಡ" ಎಂದರು. ಸುದ್ದಿ ಅವರಿಗಾಗಲೇ ಗೊತ್ತಿತ್ತು. "ಮೆಷಿನ್ ಮಾಡ್ತಂತೆ. ಮೆಷಿನ್‌ನ ಯಾರು ಚೆಕ್ ಮಾಡಿದ್ರಂತೆ?" ಎಂದು ಕೇಳಿದರು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು.

"ಒಂದು ಕೇಳ್ತೀನಿ" ಎಂದರು. "ನೀನು ಆ ಪುಸ್ತಕದ ಪ್ರತಿ ಗೆರೆ ಮೇಲೂ ಪೆನ್ನು ಓಡಿಸ್ದೋಳು. ಎಲ್ಲಾದ್ರೂ ತಪ್ಪು ಕಾಣಿಸ್ತಾ?"

ಈ ವಯಸ್ಸಿನಲ್ಲಿ, ಈ ಸುದ್ದಿ ಬಂದಿರುವಾಗ, ಇನ್ನು ಹೇಳಿ ಆಗಬೇಕಾದ್ದೇನು ಎನಿಸಿತು. ನೆಮ್ಮದಿಯಿಂದಿರಲಿ ಎಂದುಕೊಂಡೆ.

"ಇಲ್ಲ ಸಾರ್. ಎಲ್ಲಾ ಸರಿಯಾಗೇ ಇತ್ತು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಇಪ್ಪತ್ತೆರಡನೇ ಚಿತ್ರ, ಇಪ್ಪತ್ಮೂರನೇ ಚಿತ್ರ. ಒಂದ್ರ ಮೇಲೊಂದು ಇಟ್ರೆ ನೀಲಿಗೆ ನೀಲಿ ತಗಲುತ್ತೆ. ಅಲ್ಲಿಗೆ ಎಲ್ಲಾ ಬಿತ್ತು. ಪುಸ್ತಕ ಹಂಚಿ ಮೂರು ತಿಂಗಳಿಗೇ ನನಗೆ ಗೊತ್ತಾಯ್ತು."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಯಾರಿಗೂ ಹೇಳ್ಲಿಲ್ಲ" ಎಂದರು. "ಕಾದೆ. ತಪ್ಪು ಇಲ್ಲಿದೆ ಅಂತ ಯಾರಾದ್ರೂ ಒಬ್ರು ಒಂದು ಕಾರ್ಡ್ ಬರೀತಾರೆ ಅಂತ. ಬೈದು ಬರೆದ್ರೂ ಆಗ್ತಿತ್ತು. ಓದಿದಾರೆ ಅಂತ ಗೊತ್ತಾಗ್ತಿತ್ತಲ್ಲ. ಐದು ವರ್ಷ ಆಯ್ತು. ಅವರೆಲ್ಲ ಹೋಗ್ಲಿ, ದೊಡ್ಡೋರು. ನೀನಾದ್ರೂ ನೋಡಿರ್ತೀಯ ಅಂತಿದ್ದೆ." ಕನ್ನಡಕ ಹಾಕಿಕೊಂಡರು. "ನೀನೂ ಓದ್ಲಿಲ್ಲ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಯಿ ತೆರೆದೆ. ನೋಡಿದ್ದೆ ಸಾರ್ ಎಂದರೆ, ಯಾವಾಗ ಎಂದು ಕೇಳುತ್ತಾರೆ. ಅಚ್ಚಾಗುವ ಮೊದಲು ಎನ್ನಬೇಕು. ಇಪ್ಪತ್ತೇಳು ವಿಳಾಸ ಬರೆಯುವ ಮೊದಲು, ಆ ಚಪ್ಪಾಳೆಗೆ ಅವರು ಹಲ್ಲು ಬಿಡುವ ಮೊದಲು.

"ಪೂರ್ತಿ ಓದಿರ್ಲಿಲ್ಲ ಸಾರ್. ತಪ್ಪಾಯ್ತು" ಎಂದೆ. ಎರಡನೆಯ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು.

"ಇರ್ಲಿ ಬಿಡು" ಎಂದು ಅಂಕಿಗಳ ಪುಸ್ತಕ ಎತ್ತಿಕೊಂಡರು. ನಾನು ಎದ್ದು ಬಸ್ಸಿಗೆ ಬಂದೆ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಬದುಕಿದ್ದರು. ದೊಮ್ಮಲೂರೇನು ದೂರವಿರಲಿಲ್ಲ. ನಾನು ಹೋಗಲಿಲ್ಲ.

ತೀರಿಕೊಂಡ ಸುದ್ದಿ ಬಂದ ದಿನ ಹೋದೆ. ಆಫೀಸಿನಿಂದ ಬಂದವಳು ನಾನೊಬ್ಬಳೇ. ಅವರ ಹೆಂಡತಿ ಶವದ ತಲೆಯ ಹತ್ತಿರ ಗೋಡೆಗೊರಗಿ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಕೈ ಹಿಡಿದುಕೊಂಡು, ಮೆಲ್ಲಗೆ ಹೇಳಿದರು.

"ಕೊನೇ ವಾರಾನೂ ಅದೇ ಮಾತು ಕಣಮ್ಮ. ಸರಿಯಿಲ್ದೇ ಇದ್ರೂ ಚಿಂತೆಯಿಲ್ಲ, ಒಬ್ರಾದ್ರೂ ಓದ್ಬೇಕಾಗಿತ್ತು ಅಂತ. ಒಬ್ರೂ ಓದ್ಲಿಲ್ಲ ನೋಡು."

"ನಾನು ಓದಿದ್ದೆ ಅಮ್ಮ" ಎಂದೆ. "ತಪ್ಪೂ ಕಂಡಿತ್ತು. ಅಚ್ಚಾಗೋಕ್ಕೆ ಮುಂಚೇನೇ ಕಂಡಿತ್ತು."

ಅವರು ಗಂಡನ ಮುಖವನ್ನೊಮ್ಮೆ ನೋಡಿದರು, ನನ್ನ ಮುಖವನ್ನೊಮ್ಮೆ ನೋಡಿದರು. ಹಿಡಿದಿದ್ದ ಕೈ ಬಿಟ್ಟರು.

"ಅವ್ರಿಗೆ ಹೇಳ್ಬಾರ್ದಿತ್ತೇನೇ?"